ಅಡಿಸ್ ಅಬಾಬಾದ ರೇಡಿಯೋದಲ್ಲಿ ಮೋಹನ ರಾಗ ಕೇಳಿದಂತಾಯಿತು: ತಿಳಿದವರು ವಿವರಿಸುವಿರಾ?

ಪ್ರಶ್ನೆ: ಸಾಗರದ ಕೇಳುಗ

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಬಿಡದೆ ಕಾಡುತ್ತಿರುವ ಒಂದು ಸಂಗೀತದ ಬಗ್ಗೆ ಬಲ್ಲವರನ್ನು ಕೇಳಿ ತಿಳಿದುಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ರೇಡಿಯೋ ಗಾರ್ಡನ್ ಎಂಬ ಜಾಲತಾಣವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡ ತಾಣವಿದು. ಪರದೆಯ ಮೇಲೆ ಭೂಗೋಳವೊಂದು ಕಾಣಿಸುತ್ತದೆ, ಅದರ ಮೈತುಂಬ ಹಸಿರು ಚುಕ್ಕೆಗಳು. ಯಾವ ಊರಿನ ಚುಕ್ಕೆಯ ಮೇಲೆ ನಿಲ್ಲಿಸುತ್ತೇವೆಯೋ ಆ ಊರಿನ ರೇಡಿಯೋ ಆ ಕ್ಷಣದಲ್ಲಿ ಬಿತ್ತರಿಸುತ್ತಿರುವುದು ನಮ್ಮ ಕಿವಿಗೆ ಬೀಳುತ್ತದೆ. ಊಟವಾದ ಮೇಲೆ ಅರ್ಧ ಗಂಟೆ ಈ ಭೂಗೋಳವನ್ನು ತಿರುಗಿಸುತ್ತಾ ಕೂರುವುದು ನನಗೆ ಕೆಲವು ತಿಂಗಳಿಂದ ಅಭ್ಯಾಸವಾಗಿದೆ.

ಹೀಗೆ ಒಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಇಥಿಯೋಪಿಯಾದ ಅಡಿಸ್ ಅಬಾಬಾದ ಮೇಲೆ ನಿಲ್ಲಿಸಿದೆ. ಮೊದಲು ಮಾತು ಕೇಳಿಸಿತು, ಅದು ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆಮೇಲೆ ಸ್ಯಾಕ್ಸೋಫೋನ್ ಒಂದು ತಗ್ಗಿದ ಸ್ಥಾಯಿಯಲ್ಲಿ, ಬಹಳ ನಿಧಾನವಾಗಿ ನುಡಿಯತೊಡಗಿತು. ಅದು ಹಿಡಿದ ಸ್ವರಗಳು ಸ ರಿ ಗ ಪ ದ ಅಲ್ಲದೆ ಬೇರೆ ಯಾವುವೂ ಆಗಿರಲಿಲ್ಲ. ಬಾಲ್ಯದಲ್ಲಿ ಮೂರು ವರ್ಷ ಸಂಗೀತ ಕಲಿತು ಬಿಟ್ಟವನು ನಾನು; ಆದರೂ ಗೀತೆಗಳ ಪಾಠದ ಆರಂಭದಲ್ಲೇ ಕಲಿಸುವ ಮೋಹನವನ್ನು ಗುರುತಿಸದಷ್ಟು ಮರೆತಿಲ್ಲ. ಹಿಂದಿನಿಂದ ತಾಳವಾದ್ಯ ತಕಿಟ ತಕಿಟ ಎಂದು ತಿಶ್ರದಲ್ಲಿ ನಡೆಯುತ್ತಿತ್ತು. ಬಳಿಕ ಒಬ್ಬ ಗಾಯಕ ಹಾಡಲು ತೊಡಗಿದಾಗ ಧ್ವನಿಯು ಗಂಟಲಲ್ಲೇ ಸಣ್ಣಗೆ ನಡುಗುತ್ತಾ, ಕೊಂಕುತ್ತಾ, ಪ್ರತಿ ಸಾಲಿನ ಕೊನೆಯಲ್ಲಿ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಬಂದು ಇಳಿಯುತ್ತಿತ್ತು. ಮೋಹನವೆಂದರೆ ನನಗೆ ಬೆಳಗಿನ ಹುಮ್ಮಸ್ಸಿನ, ಸಂತೋಷದ ರಾಗ. ಇದರಲ್ಲಾದರೋ ಅಗಲಿಹೋದವರನ್ನು ಕರೆಯುವಂತಹ ಒಂದು ಸಂಕಟವಿತ್ತು. ಅವೇ ಐದು ಸ್ವರಗಳಿಂದ ಇಷ್ಟು ಬೇರೆಯಾದ ಭಾವ ಹೇಗೆ ಹುಟ್ಟಿತು ಎಂದು ಯೋಚಿಸುತ್ತಾ ಆ ರಾತ್ರಿ ಬಹಳ ಹೊತ್ತು ಎಚ್ಚರವಾಗಿದ್ದೆ.

ಹಾಡಿನ ಹೆಸರು ತಾಣದಲ್ಲಿ ಕಾಣಿಸಲಿಲ್ಲ, ಧ್ವನಿಮುದ್ರಣ ಮಾಡಿಕೊಳ್ಳಬೇಕೆಂಬುದು ನನಗೆ ಹೊಳೆಯಲೂ ಇಲ್ಲ. ಮರುದಿನದಿಂದ ಅದೇ ಹೊತ್ತಿಗೆ ಅದೇ ಚುಕ್ಕೆಯ ಮೇಲೆ ನಿಂತು ಕಾಯುತ್ತಿದ್ದೇನೆ. ಅದೇ ಹಾಡು ಮತ್ತೆ ಸಿಗಲಿಲ್ಲವಾದರೂ ಅದೇ ಸ್ವರಗಳ ಬೇರೆ ಹಾಡುಗಳು ಸಿಕ್ಕವು. ಇನ್ನು ಕೆಲವು ಹಾಡುಗಳಲ್ಲಿ ದೇವಸ್ಥಾನದ ಉತ್ಸವದ ನಾಗಸ್ವರವನ್ನು ನೆನಪಿಸುವ ಸ್ವರಗುಚ್ಛಗಳೂ ಇದ್ದವು.

ನನ್ನ ಪ್ರಶ್ನೆಗಳು ಮೂರು. ಇದನ್ನು ಮೋಹನವೆಂದು ಕರೆಯಬಹುದೇ? ನಮ್ಮ ಸಂಗೀತಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ? ಇದನ್ನು ಕ್ರಮವಾಗಿ ಕೇಳಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ 1: ಕಡಲ ದಾರಿ

ಸಂಬಂಧ ಇರಲೇಬೇಕೆಂದು ನನ್ನ ಅನಿಸಿಕೆ. ಕೆಂಪು ಸಮುದ್ರದ ಬಂದರುಗಳಿಗೂ ನಮ್ಮ ಪಶ್ಚಿಮ ಕರಾವಳಿಗೂ ಎರಡು ಸಾವಿರ ವರ್ಷಗಳಷ್ಟು ಹಳೆಯ ವ್ಯಾಪಾರವಿತ್ತು. ದಖ್ಖನಿನ ಇತಿಹಾಸದಲ್ಲಿ ಹಬಶಿಗಳೆಂದು ಕರೆಯಲಾಗುವ ಸೇನಾನಿಗಳು ಬಂದದ್ದು ಆ ದೇಶದಿಂದಲೇ. ಅಹ್ಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದವನು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಆಫ್ರಿಕಾದ ಮೂಲದವರೇ. ಜನ ಬಂದು ಹೋದಲ್ಲಿ ಹಾಡೂ ಬಂದು ಹೋಗಿರುತ್ತದೆ. ಮೋಹನ ಇಲ್ಲಿಂದ ಅಲ್ಲಿಗೆ ಹೋಯಿತೋ ಅಲ್ಲಿಂದ ಇಲ್ಲಿಗೆ ಬಂದಿತೋ ಎಂಬುದನ್ನು ಮಾತ್ರ ಸಂಗೀತ ಬಲ್ಲವರು ಹೇಳಬೇಕು.

ಉತ್ತರ 2: ವೀಣೆಯ ಪಾಠದವಳು

ಸಾಗರದ ಕೇಳುಗರಿಗೆ ನಮಸ್ಕಾರ. ತಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ತಾವು ಕೇಳಿದ ಹಾಡು ಬಹುಮಟ್ಟಿಗೆ ತಿಜಿತಾ ಎಂಬ ಪ್ರಕಾರಕ್ಕೆ ಸೇರಿದ್ದು. ನಾನು ಮೈಸೂರಿನಲ್ಲಿ ಮೂವತ್ತು ವರ್ಷಗಳಿಂದ ವೀಣೆ ಕಲಿಸುತ್ತಿದ್ದೇನೆ. ಐದಾರು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಇಂತಹದೇ ಹಾಡನ್ನು ಕೇಳಿಸಿ "ಮೇಡಂ, ಇದು ಯಾವ ರಾಗ?" ಎಂದು ಕೇಳಿದಾಗ ನಾನೂ ಮೋಹನವೆಂದೇ ಉತ್ತರಿಸಿದ್ದೆ. ಆ ಮೇಲೆ ಕುತೂಹಲದಿಂದ ಒಂದೊಂದನ್ನೇ ಕೇಳಿ, ವೀಣೆಯ ಮೇಲೆ ನುಡಿಸಿ ನೋಡಿದ್ದರಿಂದ ನನ್ನ ಉತ್ತರ ಅರ್ಧ ಮಾತ್ರ ಸರಿ ಎಂದು ತಿಳಿಯಿತು.

ಇಥಿಯೋಪಿಯಾದ ಎತ್ತರದ ಪ್ರದೇಶದ ಅಮ್ಹಾರಾ ಜನರ ಸಂಗೀತದಲ್ಲಿ ಮುಖ್ಯವಾಗಿ ನಾಲ್ಕು ಸ್ವರವ್ಯವಸ್ಥೆಗಳಿವೆ: ತಿಜಿತಾ, ಬಾತಿ, ಅಂಬಾಸೆಲ್, ಅಂಚಿಹೋಯೆ. ನಾಲ್ಕೂ ಔಡವ, ಅಂದರೆ ಐದು ಸ್ವರದವು. ಇವುಗಳನ್ನು ಒಟ್ಟಾಗಿ ಕಿಞಿತ್ ಎನ್ನುತ್ತಾರೆ. ಆ ಪದಕ್ಕೆ ಶ್ರುತಿ ಮಾಡಿಕೊಳ್ಳುವುದು ಎಂಬ ಅರ್ಥವಿದೆ. ಕ್ರಾರ್ ಎಂಬ ಐದಾರು ತಂತಿಗಳ ವಾದ್ಯಕ್ಕೆ ವೀಣೆಯಲ್ಲಿರುವಂತೆ ಮೆಟ್ಟಿಲುಗಳಿಲ್ಲ. ಯಾವ ಹಾಡು ಹಾಡಬೇಕೋ ಅದಕ್ಕೆ ತಕ್ಕಂತೆ ತಂತಿಗಳನ್ನೇ ಮೊದಲು ಶ್ರುತಿ ಮಾಡಿಕೊಳ್ಳಬೇಕಾದ್ದರಿಂದ ಶ್ರುತಿಯ ಹೆಸರೇ ಸ್ವರವ್ಯವಸ್ಥೆಯ ಹೆಸರೂ ಆಗಿದೆ.

ತಿಜಿತಾದಲ್ಲಿ ಎರಡು ಬಗೆ. ಒಂದು ತಾವು ಕೇಳಿದ್ದು: ಷಡ್ಜ, ಚತುಃಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಚತುಃಶ್ರುತಿ ಧೈವತ. ಸ್ವರಸ್ಥಾನಗಳನ್ನಷ್ಟೇ ನೋಡಿದರೆ ಇದು ಮೋಹನವೇ. ಇನ್ನೊಂದರಲ್ಲಿ ಗಾಂಧಾರ ಸಾಧಾರಣವಾಗುತ್ತದೆ, ಧೈವತ ಶುದ್ಧವಾಗುತ್ತದೆ, ಅಂದರೆ ಎರಡೂ ಅರ್ಧ ಸ್ವರ ಕೆಳಗಿಳಿಯುತ್ತವೆ. ಶಿವರಂಜಿನಿಯ ಧೈವತವನ್ನು ಅರ್ಧ ಸ್ವರ ಕೆಳಗಿಳಿಸಿದರೆ ಹೇಗಿರುತ್ತದೆಯೋ ಹಾಗೆ. ಬಾತಿಯಲ್ಲಿಯೂ ಎರಡು ಬಗೆ. ಒಂದು ನಮ್ಮ ಗಂಭೀರನಾಟದ ಸ್ವರಗಳನ್ನೇ ಹೊಂದಿದೆ: ಸ ಗ ಮ ಪ ನಿ, ಅದರಲ್ಲಿ ಗಾಂಧಾರ ಅಂತರ, ನಿಷಾದ ಕಾಕಲಿ. ಉತ್ಸವದ ನಾಗಸ್ವರ ನೆನಪಾಯಿತೆಂದು ತಾವು ಬರೆದದ್ದನ್ನು ಓದಿ ನನಗೆ ರೋಮಾಂಚನವಾಯಿತು, ಏಕೆಂದರೆ ದೇವರು ಹೊರಡುವಾಗ ನುಡಿಸುವ ಮಲ್ಲಾರಿ ಇರುವುದು ಗಂಭೀರನಾಟದಲ್ಲಿಯೇ. ಬಾತಿಯ ಇನ್ನೊಂದು ಬಗೆ ಶುದ್ಧ ಧನ್ಯಾಸಿಯ ಸ್ವರಗಳದ್ದು. ಅಂಬಾಸೆಲ್ ಎಂಬುದರಲ್ಲಿ ಸ ರಿ ಮ ಪ ದ, ರಿಷಭ ಧೈವತಗಳೆರಡೂ ಶುದ್ಧ. ಹಿಂದುಸ್ತಾನಿ ಕೇಳುವವರಿಗೆ ಗುಣಕ್ರಿ ನೆನಪಾಗುತ್ತದೆ.

ಅಂಚಿಹೋಯೆ ಮಾತ್ರ ಬೇರೆಯೇ ಲೋಕ. ಅದರಲ್ಲಿ ಪಂಚಮವಿಲ್ಲ, ಶುದ್ಧ ಮಧ್ಯಮವೂ ಪ್ರತಿಮಧ್ಯಮವೂ ಪಕ್ಕ ಪಕ್ಕದಲ್ಲಿ ನಿಲ್ಲುತ್ತವೆ, ಕೆಳಗೆ ಶುದ್ಧ ರಿಷಭ, ಮೇಲೆ ಚತುಃಶ್ರುತಿ ಧೈವತ. ನಮ್ಮ 72 ಮೇಳಗಳಲ್ಲಿ, ಅಂದರೆ ತಾಯಿರಾಗಗಳಲ್ಲಿ, ಒಂದು ಮೇಳಕ್ಕೆ ಒಂದೇ ಮಧ್ಯಮ. ಬೇಹಾಗ್, ಹಮೀರ್ ಕಲ್ಯಾಣಿಯಂತಹ ರಾಗಗಳಲ್ಲಿ ಎರಡೂ ಬರುತ್ತವೆ ನಿಜ, ಆದರೆ ಇರುವ ಐದೇ ಸ್ವರಗಳಲ್ಲಿ ಎರಡನ್ನು ಮಧ್ಯಮಕ್ಕೇ ಕೊಟ್ಟು ಪಂಚಮವನ್ನು ಬಿಟ್ಟ ರಾಗವನ್ನು ನಾನು ಕಲಿತಿಲ್ಲ. ಮೊದಲ ಸಲ ವೀಣೆಯ ಮೇಲೆ ನುಡಿಸಿದಾಗ ಬೆರಳು ತಾನಾಗಿಯೇ ಪಂಚಮದ ಮೆಟ್ಟಿಲಿಗೆ ಓಡುತ್ತಿತ್ತು. ಅದನ್ನು ತಡೆದು ಪ್ರತಿಮಧ್ಯಮದಲ್ಲಿ ನಿಲ್ಲಿಸುವುದಕ್ಕೆ ಒಂದು ವಾರ ಹಿಡಿಯಿತು.

ಗ್ರಹಭೇದ, ಅಂದರೆ ರಾಗದ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿದು ನುಡಿಸುವುದು, ತಿಳಿದವರಿಗೆ ಇನ್ನೊಂದು ಸಂತೋಷವಿದೆ. ಮೋಹನದ ಧೈವತವನ್ನು ಷಡ್ಜವಾಗಿ ಇಟ್ಟುಕೊಂಡರೆ ಶುದ್ಧ ಧನ್ಯಾಸಿ ಬರುತ್ತದೆಂದು ನಾವು ಪಾಠದಲ್ಲಿ ಹೇಳುತ್ತೇವೆ. ಹಾಗೆಯೇ ಎರಡನೆಯ ಬಗೆಯ ತಿಜಿತಾದ ಪಂಚಮವನ್ನು ಷಡ್ಜ ಮಾಡಿಕೊಂಡು ನುಡಿಸಿದರೆ ಅದು ಅಂಬಾಸೆಲ್ ಆಗಿಬಿಡುತ್ತದೆ. ಮನೆಯಲ್ಲಿ ಹಾರ್ಮೋನಿಯಂ ಇದ್ದವರು ಎರಡು ನಿಮಿಷದಲ್ಲಿ ಪರೀಕ್ಷಿಸಿ ನೋಡಬಹುದು.

ಇಷ್ಟಾದರೂ ಅದನ್ನು ಮೋಹನವೆಂದು ಕರೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಸ್ವರಗಳ ಪಟ್ಟಿ ರಾಗವಾಗುವುದಿಲ್ಲ. ಮೋಹನದಲ್ಲಿ ನಾವು ಗಾಂಧಾರ, ಧೈವತಗಳ ಮೇಲೆ ನಿಲ್ಲುತ್ತೇವೆ, ಜಾರಿನಿಂದ ಸ್ವರಕ್ಕೆ ಸ್ವರವನ್ನು ಕಟ್ಟುತ್ತೇವೆ, ಮೇಲಿನ ಷಡ್ಜಕ್ಕೆ ಏರುವುದರಲ್ಲಿಯೇ ಅದರ ಉಲ್ಲಾಸವಿದೆ. ತಿಜಿತಾದಲ್ಲಿ ಗಾಯಕರು ಮೇಲಿನಿಂದ ಆರಂಭಿಸಿ ಸಾಲು ಸಾಲಾಗಿ ಕೆಳಗಿಳಿಯುವುದನ್ನು ನಾನು ಹೆಚ್ಚಾಗಿ ಕೇಳಿದ್ದೇನೆ. ಅವರ ಕಂಪನ ಸ್ವರದಿಂದ ಸ್ವರಕ್ಕೆ ತೂಗುವ ನಮ್ಮ ಗಮಕದಂತಲ್ಲ. ಒಂದೇ ಸ್ವರದ ಒಳಗೆ ಗಂಟಲನ್ನು ಬಿಗಿದು ಸಡಿಲಿಸುವ ನಡುಕ ಅದು. ತಮಗೆ ಸಂಕಟ ಕೇಳಿಸಿದ್ದು ಆ ಇಳಿಕೆಯಲ್ಲಿ ಮತ್ತು ಆ ನಡುಕದಲ್ಲಿ ಎಂದು ನನಗೆ ಅನಿಸುತ್ತದೆ.

ಕಡಲ ದಾರಿಯವರು ಹೇಳಿದ ವ್ಯಾಪಾರ ಸಂಬಂಧವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೋಹನದ ಐದು ಸ್ವರಗಳು ಚೀನಾದ ಹಾಡುಗಳಲ್ಲಿಯೂ ಇವೆ, ಸ್ಕಾಟ್ಲೆಂಡಿನ ಜನಪದ ಹಾಡುಗಳಲ್ಲಿಯೂ ಇವೆ. ಷಡ್ಜದಿಂದ ಪಂಚಮಕ್ಕೆ, ಆ ಪಂಚಮದಿಂದ ಅದರ ಪಂಚಮಕ್ಕೆ ಎಂದು ನಾಲ್ಕು ಹೆಜ್ಜೆ ಹೋದರೆ ಸಿಗುವ ಸ್ವರಗಳು ಸ ಪ ರಿ ದ ಗ. ಅವುಗಳನ್ನು ಒಂದು ಸ್ಥಾಯಿಯೊಳಗೆ ಜೋಡಿಸಿದರೆ ಮೋಹನ. ತಂತಿಯನ್ನು ಕಿವಿಯಿಂದ ಶ್ರುತಿ ಮಾಡುವ ಯಾವ ಜನರಾದರೂ ತಾವಾಗಿಯೇ ಅಲ್ಲಿಗೆ ತಲುಪಬಲ್ಲರು. ಸಿದ್ದಿಗಳ ವಿಷಯದಲ್ಲಿಯೂ ಒಂದು ಮಾತು: ಅವರಲ್ಲಿ ಹೆಚ್ಚಿನವರ ಪೂರ್ವಜರು ಬಂದದ್ದು ಆಗ್ನೇಯ ಆಫ್ರಿಕಾದ ಬಾಂಟು ಭಾಷಿಕ ಪ್ರದೇಶಗಳಿಂದ, ಇಥಿಯೋಪಿಯಾದ ಎತ್ತರದ ನಾಡಿನಿಂದಲ್ಲ. ಅವರ ದಮಾಮಿ ಕುಣಿತದ ಹಾಡುಗಳನ್ನು ಅವುಗಳದೇ ನೆಲೆಯಲ್ಲಿ ಕೇಳುವುದು ಒಳ್ಳೆಯದು.

ಉತ್ತರ 3: ಉಡುಪಿಯಿಂದ, ಹಿಂದೆ ಗೊಂಡಾರ್

ಈ ಚರ್ಚೆಯನ್ನು ಓದಿ ಕಣ್ಣು ತುಂಬಿ ಬಂದಿತು. ನಮ್ಮ ತಂದೆ ಇಥಿಯೋಪಿಯಾದ ಗೊಂಡಾರ್ ಎಂಬ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಚಕ್ರವರ್ತಿ ಹೈಲೆ ಸೆಲಾಸಿಯವರ ಕಾಲದಲ್ಲಿ ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರು ಅಲ್ಲಿಗೆ ಹೋಗಿದ್ದರು. ಕೇರಳದವರು ಹೆಚ್ಚು, ನಮ್ಮ ಕಡೆಯವರೂ ಕೆಲವರಿದ್ದರು. ನಾನು ಆರನೆಯ ವಯಸ್ಸಿನಿಂದ ಹದಿಮೂರರವರೆಗೆ ಬೆಳೆದದ್ದು ಆ ಊರಿನಲ್ಲಿ.

ತಿಜಿತಾ ಎಂದರೆ ನೆನಪು. ಕಳೆದುಹೋದದ್ದನ್ನು ನೆನೆದು ಹಂಬಲಿಸುವ ನೆನಪು. ಅದು ಸ್ವರವ್ಯವಸ್ಥೆಯ ಹೆಸರು ಮಾತ್ರವಲ್ಲ, ಆ ಸ್ವರಗಳಲ್ಲಿ ಹಾಡುವ ಒಂದು ಹಾಡಿನ ಹೆಸರೂ ಹೌದು; ಪ್ರತಿಯೊಬ್ಬ ಗಾಯಕನೂ ಆ ಹಾಡನ್ನು ತನ್ನದೇ ಸಾಲುಗಳನ್ನು ಸೇರಿಸಿಕೊಂಡು ಹಾಡುತ್ತಾನೆ. ಹಾಡುವವನು ನೆನಪನ್ನೇ ಎದುರಿಗೆ ನಿಲ್ಲಿಸಿಕೊಂಡು, ನನ್ನ ನೆನಪು ನೀನೇ, ನೀನಲ್ಲದೆ ನನಗೆ ಬೇರೆ ನೆನಪಿಲ್ಲ ಎಂದು ಅದನ್ನೇ ಮಾತನಾಡಿಸುತ್ತಾನೆ. ಸಾಗರದ ಕೇಳುಗರೇ, ಭಾಷೆ ತಿಳಿಯದೆಯೂ ಅಗಲಿದವರನ್ನು ಕರೆಯುವ ಸಂಕಟ ಎಂದು ತಾವು ಬರೆದಿರಲ್ಲ, ಆ ಹಾಡಿನ ಅರ್ಥ ಅದೇ.

ಪಕ್ಕದ ಮನೆಯ ಅಜ್ಜಿ ನಮ್ಮನ್ನು ಕಾಫಿಗೆ ಕರೆಯುತ್ತಿದ್ದರು. ಅಲ್ಲಿ ಕಾಫಿ ಎಂದರೆ ಒಂದೂವರೆ ಗಂಟೆಯ ಕೆಲಸ. ನೆಲಕ್ಕೆ ಹಸಿ ಹುಲ್ಲು ಹರಡುತ್ತಾರೆ, ಹಸಿರು ಬೀಜವನ್ನು ತೊಳೆದು ಅಗಲವಾದ ಕಾವಲಿಯಲ್ಲಿ ಕೆಂಡದ ಮೇಲೆ ಹುರಿಯುತ್ತಾರೆ, ಹೊಗೆಯೇಳುವ ಕಾವಲಿಯನ್ನು ಪ್ರತಿಯೊಬ್ಬರ ಮುಖದ ಹತ್ತಿರ ತಂದು ವಾಸನೆ ತೋರಿಸುತ್ತಾರೆ, ಒರಳಲ್ಲಿ ಕುಟ್ಟಿ ಜೆಬೆನಾ ಎಂಬ ಉದ್ದ ಕುತ್ತಿಗೆಯ ಮಣ್ಣಿನ ಕೂಜದಲ್ಲಿ ಕುದಿಸುತ್ತಾರೆ. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತಿಗೆ ಬರಕಾ, ಅಂದರೆ ಆಶೀರ್ವಾದ, ಎಂದು ಹೆಸರು. ಆ ಅಜ್ಜಿಯ ಟ್ರಾನ್ಸಿಸ್ಟರಿನಲ್ಲಿ ತಿಜಿತಾ ಬಂದರೆ ಮಾತು ನಿಂತುಹೋಗುತ್ತಿತ್ತು. ಅಮ್ಮನೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು ಸುಮ್ಮನೆ ಕೇಳುತ್ತಿದ್ದರು. ಅವರಿಗೆ ಅಲ್ಲಿಯ ಅಮ್ಹಾರಿಕ್ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ.

ವೀಣೆಯ ಮೇಡಂ ಕ್ರಾರ್ ಬಗ್ಗೆ ಬರೆದಿದ್ದಾರೆ. ನಾನು ಮಸಿಂಕೊ ಬಗ್ಗೆ ಹೇಳಬೇಕು. ವಜ್ರದ ಆಕಾರದ ಮರದ ಪೆಟ್ಟಿಗೆಗೆ ಚರ್ಮ ಬಿಗಿದು, ಕುದುರೆಯ ಕೂದಲಿನ ಒಂದೇ ಒಂದು ತಂತಿ ಕಟ್ಟಿ, ಕಮಾನಿನಿಂದ ಉಜ್ಜಿ ನುಡಿಸುವ ವಾದ್ಯ ಅದು. ಸವದತ್ತಿಯ ಕಡೆ ಚೌಡಿಕೆಯ ಒಂದೇ ತಂತಿಯ ಮೇಲೆ ಇಡೀ ಕಥೆಯನ್ನು ಹಾಡುವುದನ್ನು ಕೇಳಿದವರಿಗೆ ಒಂದು ತಂತಿ ಎಷ್ಟು ಮಾತನಾಡಬಲ್ಲದೆಂದು ಬೇರೆ ಹೇಳಬೇಕಾಗಿಲ್ಲ. ಇದನ್ನು ನುಡಿಸುತ್ತಾ ಹಾಡುವವರನ್ನು ಅಜ್ಮಾರಿ ಎನ್ನುತ್ತಾರೆ. ಮದುವೆಯ ಮನೆಗೆ ಬಂದ ಅಜ್ಮಾರಿ ಎದುರಿಗೆ ಕುಳಿತವರನ್ನು ನೋಡಿ ಅಲ್ಲಿಯೇ ಸಾಲು ಕಟ್ಟುತ್ತಾನೆ. ಒಮ್ಮೆ ನಮ್ಮ ತಂದೆಯ ಅಂಗಿಯ ತೋಳಿಗೆ ಅಂಟಿದ್ದ ಸೀಮೆಸುಣ್ಣದ ಪುಡಿಯನ್ನು ನೋಡಿ, ಅದರ ಮೇಲೆಯೇ ನಾಲ್ಕು ಸಾಲು ಹಾಡಿದ. ಸುತ್ತಲಿದ್ದವರೆಲ್ಲ ನಕ್ಕರು, ತಂದೆಯೂ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಅವರ ಸಹೋದ್ಯೋಗಿಯೊಬ್ಬರು ಆ ಸಾಲುಗಳಿಗೆ ಇನ್ನೊಂದು ಅರ್ಥವಿತ್ತೆಂದು, ದೂರದಿಂದ ಬಂದವನೊಬ್ಬ ತನ್ನ ನೆಲದ ಮಣ್ಣನ್ನು ಬಟ್ಟೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂಬ ಭಾವ ಅದರಲ್ಲಿತ್ತೆಂದು ಬಿಡಿಸಿ ಹೇಳಿದಾಗ ತಂದೆ ಬಹಳ ಹೊತ್ತು ಮಾತನಾಡಲಿಲ್ಲ.

ಹೀಗೆ ಒಂದು ಮಾತಿನೊಳಗೆ ಇನ್ನೊಂದನ್ನು ಅಡಗಿಸುವ ಕಲೆಗೆ ಅವರು ಮೇಣ ಮತ್ತು ಚಿನ್ನ ಎನ್ನುತ್ತಾರೆ. ಅಕ್ಕಸಾಲಿಗನು ಮೇಣದ ಅಚ್ಚಿನ ಸುತ್ತ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಗೆ ಹರಿಸಿ, ಅದರ ಜಾಗದಲ್ಲಿ ಚಿನ್ನ ಎರೆಯುತ್ತಾನಲ್ಲವೇ? ಹಾಡಿನ ಮೇಲಿನ ಅರ್ಥ ಮೇಣ, ಅದು ಕರಗಿದ ಮೇಲೆ ಉಳಿಯುವ ಅರ್ಥ ಚಿನ್ನ. ನಮ್ಮಲ್ಲಿ ಅಲ್ಲಮನ ಬೆಡಗಿನ ವಚನಗಳನ್ನು ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಒಂದು ಸಣ್ಣ ಸೂಚನೆ. ನಮಗಿಂತ ಅಲ್ಲಿಯ ಸಮಯ ಎರಡೂವರೆ ಗಂಟೆ ಹಿಂದೆ. ತಾವು ಒಂಬತ್ತೂವರೆಗೆ ಕೇಳಿದಾಗ ಅಲ್ಲಿ ಸಂಜೆ ಏಳು. ಅವರು ಸೂರ್ಯ ಮುಳುಗುವ ಹೊತ್ತಿನಿಂದ ರಾತ್ರಿಯನ್ನು ಎಣಿಸುವುದರಿಂದ ಅವರ ಮಾತಿನಲ್ಲಿ ಅದು ರಾತ್ರಿ ಒಂದು ಗಂಟೆ. ಕಾರ್ಯಕ್ರಮದ ವೇಳೆಯನ್ನು ಅವರ ಪ್ರಕಟಣೆಗಳಲ್ಲಿ ಓದಿದರೆ ಆರು ಗಂಟೆ ಕೂಡಿಸಿಕೊಂಡು ಲೆಕ್ಕ ಹಾಕಿ.

ಉತ್ತರ 4: ಪ್ಲೇಟು ಸಂಗ್ರಾಹಕ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವುದು ನನ್ನ ಹವ್ಯಾಸ, ಆ ದಾರಿಯಲ್ಲಿಯೇ ಈ ಸಂಗೀತ ಸಿಕ್ಕಿದ್ದು.

ಇತಿಯೋಪಿಕ್ಸ್ ಎಂಬ ಸರಣಿಯನ್ನು ಹುಡುಕಿ. ಫ್ರಾನ್ಸಿನ ಬುಡಾ ಮ್ಯೂಸಿಕ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಸರಣಿ ಇದು. ಸಂಪಾದಕ ಫ್ರಾನ್ಸಿಸ್ ಫಾಲ್ಸೆಟೊ. ಎರಡು ಡಜನ್‌ಗಿಂತ ಹೆಚ್ಚು ಸಂಪುಟಗಳಿವೆ. ಹಾಡು ಕೇಳಿಸುವ ಸಾಮಾನ್ಯ ಆ್ಯಪ್‌ಗಳಲ್ಲಿಯೂ ಯೂಟ್ಯೂಬಿನಲ್ಲಿಯೂ ಇವುಗಳಲ್ಲಿ ಬಹಳಷ್ಟು ದೊರೆಯುತ್ತವೆ. ಸಾಗರದ ಕೇಳುಗರು 10ನೆಯ ಸಂಪುಟದಿಂದ ತೊಡಗುವುದು ಒಳ್ಳೆಯದು, ಏಕೆಂದರೆ ಅದು ಪೂರ್ತಿಯಾಗಿ ತಿಜಿತಾಕ್ಕೆ ಮೀಸಲು. ನಾಲ್ಕನೆಯದು ಮುಲಾತು ಅಸ್ತಾತ್ಕೆಯವರ ವಾದ್ಯಸಂಗೀತ. ಏಳನೆಯದರಲ್ಲಿ ಮಹಮೂದ್ ಅಹ್ಮದ್ ಹಾಡಿದ್ದಾರೆ. ಅವರು ಹುಡುಗನಾಗಿದ್ದಾಗ ಬೂಟು ಪಾಲಿಶ್ ಮಾಡುತ್ತಿದ್ದವರು. ಕ್ಲಬ್ಬೊಂದರಲ್ಲಿ ಚಿಲ್ಲರೆ ಕೆಲಸಕ್ಕೆ ಇದ್ದಾಗ ಗಾಯಕರು ಬಾರದ ಒಂದು ರಾತ್ರಿ ವೇದಿಕೆ ಹತ್ತಿ ಹಾಡಿದವರು. ಎರಡನೆಯ ಸಂಪುಟದಲ್ಲಿ ಉಡುಪಿಯವರು ಹೇಳಿದ ಅಜ್ಮಾರಿಗಳ ಹಾಡುಗಳಿವೆ.

ಆ ಸಂಗೀತದಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್‌ಗಳು ಹೇಗೆ ಬಂದವು ಎಂಬುದು ಹೇಳಬೇಕಾದ ಕಥೆ. 1924ರಲ್ಲಿ ಆಗಿನ್ನೂ ಯುವರಾಜನಾಗಿದ್ದ ರಾಸ್ ತಫಾರಿ, ಮುಂದೆ ಹೈಲೆ ಸೆಲಾಸಿ ಎಂದು ಪಟ್ಟಕ್ಕೆ ಬಂದವರು, ಜೆರುಸಲೇಮಿಗೆ ಹೋಗಿದ್ದಾಗ ಅಲ್ಲಿ ಅರ್ಮೇನಿಯನ್ ಅನಾಥ ಹುಡುಗರ ಬ್ಯಾಂಡ್ ನುಡಿಸುವುದನ್ನು ಕೇಳಿದರು. ತುರ್ಕಿಯ ನರಮೇಧದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ನಲವತ್ತು ಹುಡುಗರು. ಅಷ್ಟೂ ಮಂದಿಯನ್ನು ತಮ್ಮ ದೇಶಕ್ಕೆ ಕರೆದೊಯ್ದು ರಾಜ್ಯದ ಬ್ಯಾಂಡನ್ನಾಗಿ ಮಾಡಿದರು. ಆ ಹುಡುಗರ ಗುರು ಕೆವೋರ್ಕ್ ನಲ್ಬಂಡಿಯಾನ್ ಆ ದೇಶದ ಅಂದಿನ ರಾಷ್ಟ್ರಗೀತೆಗೆ ಸ್ವರ ಹಾಕಿದರು. ಮುಂದೆ ಸೈನ್ಯದಲ್ಲಿ, ಪೊಲೀಸಿನಲ್ಲಿ, ಚಕ್ರವರ್ತಿಯ ಅಂಗರಕ್ಷಕ ದಳದಲ್ಲಿ ಬ್ಯಾಂಡುಗಳು ಬೆಳೆದವು. ಹಗಲಲ್ಲಿ ಕವಾಯತಿಗೆ ಊದಿದವರು ರಾತ್ರಿ ಹೋಟೆಲುಗಳಲ್ಲಿ ತಿಜಿತಾ ಊದಿದರು. ಮೈಸೂರಿನ ಅರಮನೆ ಬ್ಯಾಂಡಿನ ಬಗ್ಗೆ ತಿಳಿದ ನಮಗೆ, ಅರಮನೆಯ ಆಶ್ರಯದಲ್ಲಿ ಪರದೇಶದ ವಾದ್ಯವೊಂದು ನೆಲದ ಸ್ವರವನ್ನು ಕಲಿಯುವುದು ಪರಿಚಿತ ಸಂಗತಿಯೇ.

ಪ್ಲೇಟು ಮುದ್ರಿಸುವ ಹಕ್ಕು ಸರ್ಕಾರದ ಕೈಯಲ್ಲೇ ಇತ್ತು. 1969ರಲ್ಲಿ ಅಮ್ಹಾ ಎಷೆತೆ ಎಂಬ ಯುವಕ ಅದನ್ನು ಮೀರಿ ತನ್ನ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಇಂದು ನಾವು ಕೇಳಿ ಮೆಚ್ಚುವ ಧ್ವನಿಮುದ್ರಣಗಳಲ್ಲಿ ಬಹುಪಾಲು ಆ ಬಳಿಕದ ಐದಾರು ವರ್ಷಗಳಲ್ಲಿ ಆದವು. 1974ರಲ್ಲಿ ಸೈನಿಕ ಆಡಳಿತ, ಅಂದರೆ ದೆರ್ಗ್, ಅಧಿಕಾರ ಹಿಡಿದು ರಾತ್ರಿ ಕರ್ಫ್ಯೂ ಹಾಕಿತು. ರಾತ್ರಿಯ ಹೋಟೆಲುಗಳನ್ನೇ ನಂಬಿದ್ದ ವಾದ್ಯವೃಂದಗಳು ಚದುರಿದವು. ಎಷ್ಟೋ ಕಲಾವಿದರು ದೇಶ ಬಿಟ್ಟರು, ಅಮ್ಹಾ ಎಷೆತೆಯವರೂ ಬಿಟ್ಟರು. ಇಷ್ಟು ಚಿಕ್ಕ ಅವಧಿಯಲ್ಲಿ ಮುದ್ರಣವಾದದ್ದು ಉಳಿದುಬಂದು, ಇವತ್ತು ಸಾಗರದಲ್ಲಿ ಕುಳಿತವರಿಗೆ ಸಿಗುತ್ತಿದೆ ಎಂದು ನೆನೆದಾಗಲೆಲ್ಲ ಆ ಸಣ್ಣ ಪ್ಲೇಟುಗಳನ್ನು ಮನೆಯಲ್ಲಿ ಜೋಪಾನ ಮಾಡಿದವರಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ಮುಲಾತು ಅವರ ಬಗ್ಗೆ ಎರಡು ಮಾತು. 1943ರಲ್ಲಿ ಜಿಮ್ಮಾದಲ್ಲಿ ಹುಟ್ಟಿ, ಬ್ರಿಟನ್ನಿನಲ್ಲಿ ಓದಿ, ಅಮೆರಿಕದ ಬರ್ಕ್ಲೀ ಸಂಗೀತ ವಿದ್ಯಾಲಯಕ್ಕೆ ಹೋದವರು. ಐದೇ ಸ್ವರಗಳ ಕಿಞಿತ್‌ಗಳಿಗೆ ಹನ್ನೆರಡು ಸ್ವರಗಳ ಜಾಝ್ ಸ್ವರಮೇಳವನ್ನು ಜೋಡಿಸುವಾಗ ಐದು ಸ್ವರಗಳ ರೂಪ ಕೆಡದಂತೆ ನೋಡಿಕೊಳ್ಳುವುದೇ ಅವರ ಸಾಧನೆ. ವೈಬ್ರಫೋನಿನ ಲೋಹದ ಪಟ್ಟಿಗಳ ಮೇಲೆ ಅವರು ಒಂದು ಸ್ವರ ಬಡಿದು ಅದು ಆರುವವರೆಗೂ ಬಿಡುವ ರೀತಿಯನ್ನು ರಾತ್ರಿ ಒಬ್ಬರೇ ಕುಳಿತು ಕೇಳಬೇಕು.

ಹುಡುಕುವಾಗ ಒಂದು ತೊಡಕಿದೆ. ಅಮ್ಹಾರಿಕ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ತಿಜಿತಾ, ತೆಜೆತಾ, ತಿಜೆತಾ ಎಂಬ ಮೂರು ಬಗೆಗಳಿಗೆ ಮೂರು ಬೇರೆ ಪಟ್ಟಿಗಳು ಬರುತ್ತವೆ. ಒಂದು ಒಳ್ಳೆಯ ಹಾಡು ಸಿಕ್ಕ ಪುಟದಿಂದ ಅವರ ಲಿಪಿಯ ಪದವನ್ನೇ ನಕಲು ಮಾಡಿಕೊಂಡು ಹುಡುಕಿ, ಆಗ ಅಲ್ಲಿಯವರು ತಮ್ಮವರಿಗಾಗಿ ಏರಿಸಿದ ಹಾಡುಗಳು ತೆರೆದುಕೊಳ್ಳುತ್ತವೆ. ರೇಡಿಯೋದಲ್ಲಿ ಕೇಳುವಾಗ ಇನ್ನೊಂದು ಫೋನಿನಲ್ಲಿ ಹದಿನೈದು ಸೆಕೆಂಡು ಮುದ್ರಿಸಿಕೊಂಡು ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದರೂ ಎಷ್ಟೋ ಸಲ ಹೆಸರು ಸಿಗುತ್ತದೆ.

ಉತ್ತರ 5: ಪಿಯಾನೋ ಕಲಿಯುತ್ತಿರುವವಳು

ಹಿರಿಯರೆಲ್ಲ ಇಷ್ಟು ಬರೆದ ಮೇಲೆ ಅದೇ ಸರಣಿಯ 21ನೆಯ ಸಂಪುಟವನ್ನು ಮಾತ್ರ ಸೇರಿಸುತ್ತೇನೆ. ಅದರಲ್ಲಿರುವುದು ಎಮಾಹೊಯ್ ತ್ಸೆಗೆ ಮರ್ಯಾಮ್ ಗೆಬ್ರು ಎಂಬ ಸನ್ಯಾಸಿನಿಯ ಪಿಯಾನೋ. 1923ರಲ್ಲಿ ಅಡಿಸ್ ಅಬಾಬಾದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓದಿದರು. ಇಟಲಿಯ ಆಕ್ರಮಣದ ಕಾಲದಲ್ಲಿ ಅವರ ಕುಟುಂಬವನ್ನು ಸೆರೆಹಿಡಿದು ಅಸಿನಾರಾ ದ್ವೀಪಕ್ಕೆ ಸಾಗಿಸಿದ್ದರು. ಮುಂದೆ ಕೈರೋದಲ್ಲಿ ಸಂಗೀತ ಕಲಿತರು, ಆಮೇಲೆ ಸನ್ಯಾಸ ಸ್ವೀಕರಿಸಿ ಬೆಟ್ಟದ ಮೇಲಿನ ಮಠವೊಂದರಲ್ಲಿ ಹತ್ತು ವರ್ಷ ಬರಿಗಾಲಿನಲ್ಲಿ ಬಾಳಿದರು. ಅವರ ಮೊದಲ ಧ್ವನಿಮುದ್ರಿಕೆ 1967ರಲ್ಲಿ ಜರ್ಮನಿಯಲ್ಲಿ ಹೊರಬಂದಿತು. ಅದರಿಂದ ಬಂದ ಹಣವನ್ನು ಅನಾಥ ಮಕ್ಕಳಿಗಾಗಿ ಬಳಸಿದರು. 1984ರ ಬಳಿಕ ಜೆರುಸಲೇಮಿನ ಮಠದಲ್ಲಿದ್ದು 2023ರ ಮಾರ್ಚ್‌ನಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಎಡಗೈ ಯುರೋಪಿನ ನೃತ್ಯದ ಲಯದಲ್ಲಿ ಅಲೆಯುತ್ತಿದ್ದರೆ ಬಲಗೈ ಇಥಿಯೋಪಿಯಾದ ಐದು ಸ್ವರಗಳನ್ನೇ ಹಿಡಿದಿರುತ್ತದೆ. ಸ್ವರಗಳ ಅಂಚಿನಲ್ಲಿ ಅವರು ಸೇರಿಸುವ ಪುಟ್ಟ ಪುಟ್ಟ ಕೊಂಕುಗಳನ್ನು ನಾನು ಒಂದು ವರ್ಷದಿಂದ ಅಭ್ಯಾಸ ಮಾಡುತ್ತಿದ್ದೇನೆ. ಅಕ್ಷರಕ್ಕಕ್ಷರ ಬರೆದುಕೊಂಡು ನುಡಿಸಿದರೂ ಲಯ ಸರಿಹೋಗುವುದಿಲ್ಲ. ಅವರು ತಾಳವನ್ನು ಎಳೆಯುವುದೂ ಬಿಡುವುದೂ ಉಸಿರಾಟದಷ್ಟು ಸಹಜವಾಗಿದೆ.

ಪ್ರಶ್ನೆ ಕೇಳಿದವರು: ಸಾಗರದ ಕೇಳುಗ

ಎಲ್ಲರಿಗೂ ನಾನು ಋಣಿ. ಈ ಹತ್ತು ದಿನ ತಾವು ಹೇಳಿದ್ದನ್ನೇ ಕೇಳುತ್ತಿದ್ದೇನೆ. ಮಗಳ ಹಾರ್ಮೋನಿಯಂನಲ್ಲಿ ವೀಣೆಯ ಮೇಡಂ ಹೇಳಿದ ಗ್ರಹಭೇದವನ್ನೂ ಪರೀಕ್ಷಿಸಿದೆ, ಪಂಚಮದಿಂದ ಹೊರಟಾಗ ಅಂಬಾಸೆಲ್ ಬಂದೇ ಬಂದಿತು. ಅಂಚಿಹೋಯೆ ಇನ್ನೂ ನನ್ನ ಕಿವಿಗೆ ಒಗ್ಗಿಲ್ಲ, ಆದರೆ ದಿನಕ್ಕೊಂದು ಹಾಡಿನಂತೆ ಕೇಳುತ್ತಿದ್ದೇನೆ.

ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಒಂದನ್ನು ನಾನೂ ತಮಗೆ ಕೊಡಬೇಕು. ಅದೇ ಸರಣಿಯ 11ನೆಯ ಸಂಪುಟ, ಅಲೆಮು ಅಗಾ ಅವರ ಬೆಗೆನಾ. ಬೆಗೆನಾ ಎಂಬುದು ಹತ್ತು ತಂತಿಗಳ, ಆಳು ಕುಳಿತ ಎತ್ತರದ ವಾದ್ಯ. ದಾವೀದ ರಾಜನ ವಾದ್ಯವೆಂದು ಅಲ್ಲಿಯವರು ಅದನ್ನು ಗೌರವಿಸುತ್ತಾರೆ. ಮದುವೆಗೂ ಕುಣಿತಕ್ಕೂ ಅದನ್ನು ನುಡಿಸುವುದಿಲ್ಲ. ಪ್ರಾರ್ಥನೆಗೆ, ಅದರಲ್ಲಿಯೂ ಈಸ್ಟರ್‌ಗೆ ಮೊದಲಿನ 55 ದಿನಗಳ ಉಪವಾಸದ ಕಾಲದಲ್ಲಿ ನುಡಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲ ತಂತಿ ಮಿಡಿದದ್ದು ಕೇಳಿದ ಕೂಡಲೇ ತಂಬೂರಿ ಎಂದುಕೊಂಡೆ. ಅದೇ ಝೇಂಕಾರ, ತಂತಿ ಮಿಡಿದ ಮೇಲೆ ಬಹಳ ಹೊತ್ತು ಜೇನ್ನೊಣದಂತೆ ಗುಂಯ್‌ಗುಡುವ ಅದೇ ನಾದ. ಕಾರಣ ಹುಡುಕಿದಾಗ ಗೊತ್ತಾಯಿತು: ತಂಬೂರಿಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಗೂ ತಂತಿಗೂ ನಡುವೆ ನಾವು ಜೀವಾಳದ ದಾರ ಇಡುವಂತೆ ಅವರು ಪ್ರತಿ ತಂತಿಯ ಕೆಳಗೆ ಒಂದು ಸಣ್ಣ ಚರ್ಮದ ತುಂಡನ್ನು ಇಡುತ್ತಾರೆ. ತಂತಿ ಕಂಪಿಸುವಾಗ ಅದಕ್ಕೆ ಸವರಿಕೊಂಡು ಹೋಗುವುದರಿಂದ ಆ ನಾದ ಹುಟ್ಟುತ್ತದೆ. ನಾದ ಸರಿಯಾಗಿ ಏಳುವವರೆಗೂ ಚರ್ಮವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರಂತೆ. ನಮ್ಮ ಗುರುಗಳು ಪಾಠಕ್ಕೆ ಮುಂಚೆ ತಂಬೂರಿಯ ಮೇಲೆ ಬಾಗಿ, ಉಗುರಿನ ತುದಿಯಿಂದ ಆ ದಾರವನ್ನು ಸರಿಸುತ್ತಾ, ಕಣ್ಣು ಮುಚ್ಚಿ ಕೇಳುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ವೀಣೆಯ ಮೇಡಂ, ಆ ಸಂಪುಟವನ್ನು ಕೇಳಿದ ಮೇಲೆ ಅದು ಯಾವ ಶ್ರುತಿಯಲ್ಲಿದೆ ಎಂದು ತಾವು ತಿಳಿಸಬೇಕು. ನನ್ನ ಕಿವಿಗೆ ಒಮ್ಮೆ ತಿಜಿತಾ ಎನಿಸಿತು, ಮತ್ತೊಮ್ಮೆ ಕೇಳಿದಾಗ ಅನುಮಾನ ಬಂದಿತು.